ಕಿರುಜೀವಿಗಳೆದುರು ಕ್ಯಾಮೆರಾ

ಚಾಮರಾಜನಗರ, ಗುಂಡ್ಲುಪೇಟೆ ಸೀಮೆಗೆ ಕ್ಯಾಮೆರಾ ಹೊತ್ತು ಬರುವವರಲ್ಲಿ ಹೆಚ್ಚಿನವರು ಹುಲಿ, ಆನೆಗಳನ್ನು ಅರಸಿ ಬಂಡೀಪುರಕ್ಕೆ ಹೋಗುತ್ತಾರೆ. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಆಯ್ಕೆಯಾದ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಆದರೆ ಹರವೆಯಂತಹ ಊರಿನ ಹೊಲದ ಬದುವಿನಲ್ಲಿಯೂ ಒಂದು ಕಾಡಿದೆ. ಹೂವಿನ ಮೇಲೆ ಜೇನ್ನೊಣ, ಬೇಲಿಯಲ್ಲಿ ಜೇಡ, ಮಣ್ಣಿನಲ್ಲಿ ಇರುವೆ. ಇವುಗಳನ್ನು ತೀರಾ ಹತ್ತಿರದಿಂದ ಸೆರೆಹಿಡಿಯುವ ಮ್ಯಾಕ್ರೋ ಛಾಯಾಗ್ರಹಣವನ್ನು ನಾವು ಇಂದಿನ ಹವ್ಯಾಸವೆಂದು ಭಾವಿಸುತ್ತೇವೆ. ಅದರ ಹಿಂದಿರುವ ನೋಟ ಮಾತ್ರ ಬಹಳ ಹಳೆಯದು.

ಪವಿತ್ರ ಕುರ್‌ಆನಿನ ಮೂರು ಅಧ್ಯಾಯಗಳಿಗೆ ಜೇನ್ನೊಣ, ಇರುವೆ ಮತ್ತು ಜೇಡದ ಹೆಸರುಗಳಿವೆ. ಒಂಬತ್ತನೇ ಶತಮಾನದಲ್ಲಿ ಬಸರಾದ ಅಲ್ ಜಾಹಿಝ್ ಪ್ರಾಣಿಗಳ ಕುರಿತ ತಮ್ಮ ಬೃಹತ್ ಗ್ರಂಥದಲ್ಲಿ ಕೀಟಗಳಿಗೂ ಜಾಗ ಕೊಟ್ಟರು. ಅದೇ ಬಸರಾದಲ್ಲಿ ಸುಮಾರು 965ರಲ್ಲಿ ಹುಟ್ಟಿದ ಇಬ್ನುಲ್ ಹೈಸಮ್, ವಸ್ತುವಿನಿಂದ ಬರುವ ಬೆಳಕು ಕಣ್ಣನ್ನು ಸೇರುವುದರಿಂದಲೇ ನಮಗೆ ಕಾಣುತ್ತದೆ ಎಂದು ವಿವರಿಸಿದರು. ಕತ್ತಲೆ ಕೋಣೆಯ ಸಣ್ಣ ರಂಧ್ರದಿಂದ ಬಿಂಬ ಮೂಡುವುದನ್ನೂ ಅವರು ಪರೀಕ್ಷಿಸಿದರು. ಕ್ಯಾಮೆರಾದ ಮೂಲತತ್ವ ಅದೇ. ಅವರ ದೃಷ್ಟಿಶಾಸ್ತ್ರದ ಲ್ಯಾಟಿನ್ ಅನುವಾದ 1572ರಲ್ಲಿ ಅಚ್ಚಾಗಿ ಯುರೋಪಿನ ವಿದ್ವಾಂಸರ ಕೈಸೇರಿತು.

ನಮ್ಮ ದೇಶದಲ್ಲಿ ಈ ನೋಟ ಕುಂಚದಲ್ಲಿ ಮೂಡಿತು. 1620ರ ಕಾಶ್ಮೀರ ಯಾತ್ರೆಯ ಸಂದರ್ಭದಲ್ಲಿ, ಉಸ್ತಾದ್ ಮನ್ಸೂರ್ ನೂರಕ್ಕೂ ಮಿಕ್ಕಿ ಹೂಗಳನ್ನು ಚಿತ್ರಿಸಿದ್ದಾನೆಂದು ಜಹಾಂಗೀರ್ ತನ್ನ ಆತ್ಮಕಥನದಲ್ಲಿ ದಾಖಲಿಸಿದ್ದಾನೆ. 1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಸೂಕ್ಷ್ಮದರ್ಶಕದಲ್ಲಿ ಕಂಡ ಚಿಗಟ, ನೊಣಗಳ ಚಿತ್ರ ಪ್ರಕಟಿಸಿದ. ಸುಮಾರು 1840ರಲ್ಲಿ ಫಾಕ್ಸ್ ಟಾಲ್ಬಟ್ ಕೀಟದ ರೆಕ್ಕೆಗಳ ಛಾಯಾಚಿತ್ರವನ್ನೇ ತೆಗೆದ. ಅಂದರೆ ಛಾಯಾಗ್ರಹಣ ಹುಟ್ಟಿದ ಕೂಡಲೇ ಅದರ ಕಣ್ಣು ಕೀಟದತ್ತ ಹೊರಳಿತ್ತು.

ಜೀವಿಯ ಗಾತ್ರ ಮತ್ತು ಫಿಲ್ಮ್ ಅಥವಾ ಸೆನ್ಸರ್ ಮೇಲೆ ಬೀಳುವ ಬಿಂಬದ ಗಾತ್ರ ಒಂದೇ ಆದರೆ ಅದು ನಿಜವಾದ ಮ್ಯಾಕ್ರೋ. ಆಗ ಸ್ಪಷ್ಟವಾಗಿ ಕಾಣುವ ಆಳ ಕೆಲವೇ ಮಿಲಿಮೀಟರ್. ಉಸಿರು ಬಿಗಿಹಿಡಿದು, ಕೀಟಗಳು ಚಳಿಗೆ ಮರಗಟ್ಟಿರುವ ಮುಂಜಾವಿನಲ್ಲಿ ಕಾಯಬೇಕು. 2017ರಲ್ಲಿ ನಿಧನರಾದ ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಮೂಡಿಗೆರೆಯಲ್ಲಿ ಹಕ್ಕಿಗಳ ಬೆನ್ನುಹತ್ತಿದ ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ನಾಡಿಗೆ ಕಲಿಸಿದ್ದೂ ಈ ತಾಳ್ಮೆಯನ್ನೇ.

ಇದು ಬರೀ ಚೆಂದದ ಪ್ರಶ್ನೆಯಲ್ಲ. ಸೂರ್ಯಕಾಂತಿಯ ಕಾಳು ಕಟ್ಟಲು ಜೇನ್ನೊಣ ಬೇಕು. ಕಾಸರಗೋಡಿನ ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಜೇನ್ನೊಣಗಳು ಕಾಣೆಯಾದುದನ್ನು ಅಲ್ಲಿನ ಹಳ್ಳಿಗರು ಹೇಳುತ್ತಿದ್ದರು. ಮನುಷ್ಯರ ನರಳಾಟ ಲೋಕಕ್ಕೆ ಕಂಡ ಮೇಲೆ, 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ದೇಶದಾದ್ಯಂತ ತಡೆಯಿತು.

ಹುಲಿಗಳನ್ನು ಎಣಿಸಲು ಸರಕಾರವಿದೆ. ಹೊಲದ ಕೀಟಗಳಿಗೆ ಅಂತಹ ಲೆಕ್ಕಪುಸ್ತಕವಿಲ್ಲ. ದಿನಾಂಕ ಮತ್ತು ಊರಿನ ಹೆಸರು ಬರೆದಿಟ್ಟ ಒಂದು ಜೇನ್ನೊಣದ ಚಿತ್ರ ನಾಳೆಯವರಿಗೆ ಸಾಕ್ಷಿಯಾದೀತು. ಹರವೆಯ ಶಾಲಾ ಮಕ್ಕಳೂ ಇಂದು ಮೊಬೈಲಿನಲ್ಲಿ ಆ ಸಾಕ್ಷಿಯನ್ನು ಸಂಗ್ರಹಿಸಬಲ್ಲರು. ಅವರಿಗೆ ಬಗ್ಗಿ ನೋಡಲು ಕಲಿಸುವ ಹೊಣೆ ನಮ್ಮದು.