'ಕಿಂಗ್ ಪೋರ್ಟರ್ ಸ್ಟಾಂಪ್' ಮತ್ತು ಫ್ಲೆಚರ್ ಹೆಂಡರ್ಸನ್

ಜಾಝ್ ಎಂದರೆ ಆಶುವಾಗಿ ನುಡಿಸುವ ಸಂಗೀತವೆಂಬ ತಿಳಿವಳಿಕೆ ನಮ್ಮಲ್ಲಿ ಸಾಮಾನ್ಯ. ಅದು ಅರ್ಧ ಸತ್ಯ ಮಾತ್ರ. ಹನ್ನೆರಡು ಹದಿನಾಲ್ಕು ಮಂದಿ ಕೂಡಿ ನುಡಿಸುವ 'ಬಿಗ್ ಬ್ಯಾಂಡ್' ಪ್ರಕಾರದಲ್ಲಿ ಯಾರು, ಯಾವಾಗ, ಯಾವ ಸ್ವರ ನುಡಿಸಬೇಕೆಂಬುದು ಬಹುಮಟ್ಟಿಗೆ ಮೊದಲೇ ಕಾಗದದ ಮೇಲೆ ನಿಶ್ಚಯವಾಗಿರುತ್ತದೆ. ಈ ವಾದ್ಯಸಂಯೋಜನೆಯನ್ನು ಬರೆಯುವವರೇ 'ಅರೇಂಜರ್'. ಅವರಲ್ಲಿ ಅಗ್ರಗಣ್ಯರು ಅಮೆರಿಕದ ಫ್ಲೆಚರ್ ಹೆಂಡರ್ಸನ್.

1897ರ ಡಿಸೆಂಬರ್ 18ರಂದು ಜಾರ್ಜಿಯಾ ರಾಜ್ಯದ ಕತ್‌ಬರ್ಟ್‌ನಲ್ಲಿ ಜನಿಸಿದ ಹೆಂಡರ್ಸನ್ ಅಟ್ಲಾಂಟಾ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ಪದವೀಧರರು. 1920ರಲ್ಲಿ ಉನ್ನತ ವ್ಯಾಸಂಗಕ್ಕೆಂದು ನ್ಯೂಯಾರ್ಕಿಗೆ ಬಂದರು. ಆದರೆ ಆಫ್ರಿಕನ್ ಅಮೆರಿಕನ್ ತರುಣನಿಗೆ ಆ ಕ್ಷೇತ್ರದಲ್ಲಿ ಭವಿಷ್ಯವಿರಲಿಲ್ಲ; ಕೈಹಿಡಿದದ್ದು ಪಿಯಾನೊ. 1924ರಿಂದ ಅವರ ವಾದ್ಯವೃಂದ ನಗರದ ರೋಸ್‌ಲ್ಯಾಂಡ್ ನೃತ್ಯಶಾಲೆಯಲ್ಲಿ ನೆಲೆನಿಂತಿತು. ಅದೇ ವರ್ಷ ಲೂಯಿ ಆರ್ಮ್‌ಸ್ಟ್ರಾಂಗ್ ಬಂದು ಸೇರಿದರು. ವೃಂದದ ಮೊದಲ ಸಂಯೋಜಕ ಡಾನ್ ರೆಡ್‌ಮನ್ 1927ರಲ್ಲಿ ಬಿಟ್ಟುಹೋದ ಮೇಲೆ ಹೆಂಡರ್ಸನ್ ಕ್ರಮೇಣ ಆ ಹೊಣೆಯನ್ನು ತಾವೇ ಹೊತ್ತರು.

'ಕಿಂಗ್ ಪೋರ್ಟರ್ ಸ್ಟಾಂಪ್' ಅವರ ಸ್ವಂತ ರಚನೆಯಲ್ಲ. ಅದು ಜೆಲ್ಲಿ ರೋಲ್ ಮಾರ್ಟನ್ ಅವರ ಪಿಯಾನೊ ಕೃತಿ. ಮಾರ್ಟನ್ 1923ರಲ್ಲಿ ಅದನ್ನು ಧ್ವನಿಮುದ್ರಿಸಿದ್ದರು. ಹೆಂಡರ್ಸನ್ ವೃಂದ 1928, 1932 ಮತ್ತು 1933ರಲ್ಲಿ ಮೂರು ಬಾರಿ ಮುದ್ರಿಸಿತು. ಒಂದೇ ಪಿಯಾನೊದಲ್ಲಿದ್ದ ಸಂಗೀತ ಇಲ್ಲಿ ಎರಡು ಪಂಗಡಗಳ ಸಂವಾದವಾಯಿತು. ಟ್ರಂಪೆಟ್, ಟ್ರಾಂಬೋನ್‌ಗಳದು ಒಂದು ಪಂಗಡ, ಸ್ಯಾಕ್ಸೊಫೋನ್‌ಗಳದು ಮತ್ತೊಂದು. ಒಂದು ಕೇಳುತ್ತದೆ, ಇನ್ನೊಂದು ಮರುನುಡಿಯುತ್ತದೆ. ನಡುವೆ ಒಬ್ಬೊಬ್ಬ ವಾದಕನಿಗೂ ಸ್ವತಂತ್ರವಾಗಿ ನುಡಿಸಲು ಅವಕಾಶ. ಕೊನೆಯ ಭಾಗದಲ್ಲಿ ಈ ಸವಾಲು ಜವಾಬು ಚುಟುಕಾಗುತ್ತ, ಬಿಸಿಯೇರುತ್ತ ಹೋಗುತ್ತದೆ. ನಮ್ಮ ಕಛೇರಿಗಳ ತನಿಯಾವರ್ತನದಲ್ಲಿ ಮೃದಂಗ, ಘಟಗಳ ಸರದಿ ಕಿರಿದಾಗುತ್ತ ಬರುವುದನ್ನು ಕೇಳಿದವರಿಗೆ ಇದರ ಸೊಗಸು ಸುಲಭವಾಗಿ ತಿಳಿದೀತು.

ಆದರೆ ವ್ಯವಹಾರ ಹೆಂಡರ್ಸನ್ ಅವರಿಗೆ ಒಲಿಯಲಿಲ್ಲ. 1934ರಲ್ಲಿ ವೃಂದ ಚದುರಿತು. ಹಣದ ಅಗತ್ಯದಲ್ಲಿದ್ದ ಅವರು ತಮ್ಮ ಸಂಯೋಜನೆಗಳನ್ನು ಬೆನ್ನಿ ಗುಡ್‌ಮನ್ ಎಂಬ ಬಿಳಿಯ ಕ್ಲಾರಿನೆಟ್ ವಾದಕರಿಗೆ ಮಾರಿದರು. ಗುಡ್‌ಮನ್ ವೃಂದ 1935ರ ಜುಲೈ 1ರಂದು ಇದೇ ಕೃತಿಯನ್ನು ಮುದ್ರಿಸಿತು. ಆಗಸ್ಟ್ 21ರಂದು ಲಾಸ್ ಏಂಜಲೀಸ್‌ನ ಪಾಲೊಮಾರ್ ನೃತ್ಯಶಾಲೆಯಲ್ಲಿ ಯುವಜನ ಹುಚ್ಚೆದ್ದು ಸ್ವಾಗತಿಸಿದರು. 'ಸ್ವಿಂಗ್' ಯುಗದ ಆರಂಭವೆಂದು ಇತಿಹಾಸಕಾರರು ಗುರುತಿಸುವುದು ಆ ರಾತ್ರಿಯನ್ನೇ. ಕೀರ್ತಿ, ಸಂಪತ್ತು ಗುಡ್‌ಮನ್ ಪಾಲಾದವು. ಋಣವನ್ನು ಅವರು ಮುಚ್ಚಿಡಲಿಲ್ಲವೆಂಬುದನ್ನೂ ಹೇಳಲೇಬೇಕು: 1939ರಲ್ಲಿ ಹೆಂಡರ್ಸನ್ ಅವರನ್ನು ತಮ್ಮಲ್ಲೇ ನೇಮಿಸಿಕೊಂಡರು. ಆದರೂ ಲೆಕ್ಕ ಸರಿಹೋಯಿತೆಂದು ನಮಗೆ ಅನ್ನಿಸುವುದಿಲ್ಲ.

ಮುಂಬಯಿಯ ಹಿಂದಿ ಚಿತ್ರಸಂಗೀತದಲ್ಲೂ ಸೆಬಾಸ್ಟಿಯನ್ ಡಿಸೋಜಾ ಅವರಂಥ ಗೋವೆಯ ಸಂಯೋಜಕರು ಶಂಕರ್-ಜೈಕಿಶನ್ ಹಾಡುಗಳ ವಾದ್ಯಭಾಗ ಬರೆದು ತೆರೆಮರೆಯಲ್ಲೇ ಉಳಿದರು. ಇದು ಈ ವೃತ್ತಿಯ ಹಣೆಬರಹವೇನೋ!

1950ರಲ್ಲಿ ಪಾರ್ಶ್ವವಾಯುವಿಗೆ ತುತ್ತಾದ ಹೆಂಡರ್ಸನ್ 1952ರ ಡಿಸೆಂಬರ್ 29ರಂದು ನ್ಯೂಯಾರ್ಕಿನಲ್ಲಿ ನಿಧನರಾದರು. 1961ರಲ್ಲಿ ಕೊಲಂಬಿಯಾ ಸಂಸ್ಥೆ ಹೊರತಂದ ಅವರ ಧ್ವನಿಮುದ್ರಿಕೆಗಳ ಸಂಪುಟಕ್ಕೆ 'ಎ ಸ್ಟಡಿ ಇನ್ ಫ್ರಸ್ಟ್ರೇಷನ್' ಎಂದೇ ಹೆಸರಿಟ್ಟಿತು. ಆಸಕ್ತರು 1928, 1933 ಮತ್ತು 1935ರ ಮುದ್ರಣಗಳನ್ನು ಇದೇ ಕ್ರಮದಲ್ಲಿ ಕೇಳಬಹುದು. ಒಂದೊಂದೂ ಸುಮಾರು ಮೂರು ನಿಮಿಷದ್ದು.