ಕಿವಿಯ ಬೇನೆ: ಎಣ್ಣೆಗಿಂತ ಮೊದಲು ಶುದ್ಧಿ



ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಘಟ್ಟವಿಳಿಯುವ ರೈಲುಮಾರ್ಗದಲ್ಲಿ, ದಟ್ಟ ಕಾಡಿನ ನಡುವೆ ಇರುವ ನಿಲ್ದಾಣ ಎಡಕುಮೇರಿ. 2024ರ ಜುಲೈ 26ರಂದು ಎಡಕುಮೇರಿ, ಕಡಗರವಳ್ಳಿಗಳ ನಡುವೆ ಮಣ್ಣು ಕುಸಿದು ಸಂಚಾರ ನಿಂತಾಗ, ಕಾರ್ಮಿಕರು ಮಳೆಯಲ್ಲಿಯೇ ದುಡಿದು ದಾರಿಯನ್ನು ಸರಿಪಡಿಸಿದರು. ಇಂತಹ ಮಲೆಸೀಮೆಯಲ್ಲಿ ತೇವವು ಕಿವಿಯನ್ನೂ ಬಿಡುವುದಿಲ್ಲ. ತುರಿಕೆ, ಬಾವು, ಸೋರಿಕೆ, ಕಿವಿಯನ್ನು ಮುಟ್ಟಿದರೆ ತಾಳಲಾರದ ನೋವು, ಇವು ಹೊರಗಿವಿಯ ಸೋಂಕಿನ ಲಕ್ಷಣಗಳು. ಆಗ ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವುದು ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ. ಇದೇ ನಮ್ಮ ಪ್ರಾಚೀನರ ವಿಧಿಯೆಂದು ಅನೇಕರ ನಂಬಿಕೆ. ಅದನ್ನು ಕೊಂಚ ವಿಚಾರಿಸೋಣ.

ಸುಶ್ರುತ ಸಂಹಿತೆಯ ಉತ್ತರತಂತ್ರವು 28 ಕರ್ಣರೋಗಗಳನ್ನು ಹೇಳುತ್ತದೆ. ಕರ್ಣಕಂಡು, ಕರ್ಣಪಾಕ, ಕರ್ಣಸ್ರಾವ, ಪೂತಿಕರ್ಣ ಮುಂತಾದವು ಅವುಗಳಲ್ಲಿ ಸೇರಿವೆ. ಸ್ವಸ್ಥನಾದವನು ಕಿವಿಗೆ ಎಣ್ಣೆ ಹಾಕಿಕೊಳ್ಳುವುದು ಬೇರೆ. ಸೋರುವ ಕಿವಿಯ ಚಿಕಿತ್ಸೆ ಬೇರೆ. ಸೋರುವ ಕಿವಿಗೆ ಆ ಗ್ರಂಥವು ತೈಲಪೂರಣವೊಂದನ್ನೇ ವಿಧಿಸಿಲ್ಲ. ಒರೆಸುವ ಪ್ರಮಾರ್ಜನ, ಕಷಾಯದಿಂದ ತೊಳೆಯುವ ಧಾವನ, ಹೊಗೆ ಕೊಡುವ ಧೂಪನ ಇವುಗಳನ್ನೂ ಹೇಳಿ, ರೋಗವನ್ನು ನೋಡಿ ನೋಡಿ ಪ್ರಯೋಗಿಸಬೇಕೆಂದು ಎಚ್ಚರಿಸುತ್ತದೆ. ಕಾಲಕ್ರಮದಲ್ಲಿ ನಮ್ಮ ಮನೆಗಳಲ್ಲಿ ಎಣ್ಣೆಯೊಂದು ಉಳಿಯಿತು. ಪರೀಕ್ಷೆಯೂ ಶುದ್ಧಿಯೂ ಮರೆತುಹೋದವು.

ಪಶ್ಚಿಮದ ವೈದ್ಯವೂ ಮುಂದುವರಿದದ್ದು ಕಿವಿಯೊಳಗನ್ನು ನೋಡಲು ಕಲಿತ ಮೇಲೆಯೇ. ಜರ್ಮನಿಯ ಫಾನ್ ಟ್ರೋಲ್ಚ್ 1855ರಲ್ಲಿ ನಡುವೆ ರಂಧ್ರವುಳ್ಳ ಕನ್ನಡಿಯನ್ನು ಪ್ರಚಾರಕ್ಕೆ ತಂದನು. 1882ರಲ್ಲಿ ಫ್ರಾನ್ಸಿನ ಗೆಸ್ಸಾರ್ ಹಸಿರು ಕೀವಿನಿಂದ ಸ್ಯೂಡೋಮೊನಾಸ್ ಎಂಬ ಕ್ರಿಮಿಯನ್ನು ಬೇರ್ಪಡಿಸಿದನು. ಒದ್ದೆ ಕಿವಿಯಲ್ಲಿ ಹೆಚ್ಚಾಗಿ ಬೆಳೆಯುವುದು ಇದೇ. ಕೆಲವೊಮ್ಮೆ ಬೂಷ್ಟೂ ಬೆಳೆಯುತ್ತದೆ. ಕಿವಿಯ ಗುಗ್ಗೆ ಕೇವಲ ಕೊಳೆಯಲ್ಲ, ಆಮ್ಲಗುಣದ ರಕ್ಷಣಾಲೇಪ. ಬೆಂಕಿಕಡ್ಡಿ, ಹೇರ್‌ಪಿನ್ನುಗಳಿಂದ ಅದನ್ನು ಕೆರೆದು ತೆಗೆದವರು ಕ್ರಿಮಿಗೆ ತಾವೇ ಬಾಗಿಲು ತೆರೆದಂತೆ.

ಇಂದಿನ ಆಸ್ಪತ್ರೆಯ ಕ್ರಮವನ್ನು ಗಮನಿಸಿರಿ. ವೈದ್ಯರು ಮೊದಲು ದೀಪದ ಬೆಳಕಿನಲ್ಲಿ ಕಿವಿಯೊಳಗನ್ನು ನೋಡುತ್ತಾರೆ, ಕೀವನ್ನು ಒರೆಸಿಯೋ ಹೀರಿಯೋ ತೆಗೆಯುತ್ತಾರೆ, ಬಳಿಕವೇ ಹನಿಮದ್ದು. ನಾಳವು ಬಾತು ಮುಚ್ಚಿದ್ದರೆ, ಮದ್ದು ಒಳಗಿಳಿಯಲೆಂದು ಬಟ್ಟೆಯ ಬತ್ತಿಯನ್ನು ಇಡುತ್ತಾರೆ. ತಮಟೆಯಲ್ಲಿ ರಂಧ್ರವಿದ್ದರೆ ಕೆಲವು ಮದ್ದುಗಳು ಶ್ರವಣಶಕ್ತಿಗೇ ಹಾನಿ ತರಬಲ್ಲವು. ಆದುದರಿಂದ ನೋಡದೆ ಹನಿ ಹಾಕುವುದು ಸಲ್ಲದು. ನೋಡುವುದು, ಶುದ್ಧಿ ಮಾಡುವುದು, ಮದ್ದು ಹಾಕುವುದು: ಸುಶ್ರುತನ ವಿವೇಕವೂ ಇದೇ ಅಲ್ಲವೇ?

ಇದು ಸಣ್ಣ ಬೇನೆಯೆಂದು ಉಪೇಕ್ಷಿಸಬೇಡಿರಿ. 1968ರಲ್ಲಿ ಅಮೆರಿಕದ ಚಾಂಡ್ಲರ್ ಎಂಬ ವೈದ್ಯರು, ಹೊರಗಿವಿಯ ಸೋಂಕು ತಲೆಬುರುಡೆಯ ಎಲುಬಿನವರೆಗೂ ಹಬ್ಬಿದ 13 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಸಕ್ಕರೆ ಕಾಯಿಲೆಯುಳ್ಳ ವಯೋವೃದ್ಧರಿಗೆ ಈ ಅಪಾಯ ಹೆಚ್ಚು. ಅಂಥವರಿಗೆ ಕಿವಿನೋವು ರಾತ್ರಿಯೆಲ್ಲ ನಿದ್ದೆಗೆಡಿಸಿದರೆ, ಮುಖ ಸೊಟ್ಟಗಾದರೆ, ಒಂದು ದಿನವೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಹಿರಿಯರ ಹೆಸರಿನಲ್ಲಿ ಅರ್ಧವನ್ನೇ ಆಚರಿಸುವುದು ಹಿರಿಯರಿಗೆ ಸಲ್ಲಿಸುವ ಗೌರವವಲ್ಲ. ಮಳೆಯಲ್ಲಿ ನೆನೆದ ಕಿವಿಯನ್ನು ಮೆತ್ತನೆಯ ಬಟ್ಟೆಯಿಂದ ಹೊರಗಷ್ಟೇ ಒರೆಸಿರಿ, ಒಳಗೆ ಕಡ್ಡಿ ಹಾಕಬೇಡಿರಿ. ಸೋರುವ ಕಿವಿಗೆ ಎಣ್ಣೆ ಹಾಕುವ ಮುನ್ನ ವೈದ್ಯರಿಗೆ ತೋರಿಸಿರಿ.