ಬೀಗದ ಕೈ ಯಾರ ಬಳಿ?



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ದೂರವಾಣಿ ಮಾಡಿ, "ಸರ್, ಈ ಕೃತಕ ಬುದ್ಧಿಮತ್ತೆಯಿಂದ ಸಮಾಜ ಏನಾಗುತ್ತದೆ? ನೀವು ಇತಿಹಾಸದ ಮೇಷ್ಟ್ರು, ಹೇಳಿ" ಎಂದು ಕೇಳಿದ. ಮುಂದಾಗುವುದನ್ನು ಹೇಳಲು ನಾನು ಜ್ಯೋತಿಷಿಯಲ್ಲ. ಆದರೆ ಇದೇ ಬಗೆಯ ಪ್ರಶ್ನೆಯನ್ನು ಸುಮಾರು ಐವತ್ತು ವರ್ಷಗಳ ಹಿಂದೆಯೇ ಕೈಗೆತ್ತಿಕೊಂಡು, ಊಹೆಯನ್ನು ನಂಬದೆ ಕಚೇರಿಗಳಿಗೆ ಹೋಗಿ ನೋಡಿ ಉತ್ತರ ಹುಡುಕಿದ ಪ್ರಾಧ್ಯಾಪಕರೊಬ್ಬರು ನೆನಪಾದರು. ಅವರ ಕುರಿತು ಬರೆಯುವ ನೆಪದಲ್ಲಿ ನನ್ನದೇ ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕಾಗಿದೆ.

ಅವರ ಹೆಸರು ರಾಬ್ ಕ್ಲಿಂಗ್. 1944ರಲ್ಲಿ ಜನಿಸಿದ ಈ ಅಮೆರಿಕನ್ ವಿದ್ವಾಂಸರು 1971ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದದ್ದು ಕೃತಕ ಬುದ್ಧಿಮತ್ತೆಯ ಅಧ್ಯಯನಕ್ಕಾಗಿಯೇ. ಆದರೆ ಯಂತ್ರ ಹೇಗೆ ಯೋಚಿಸುತ್ತದೆ ಎಂಬುದಕ್ಕಿಂತ, ಯಂತ್ರವನ್ನು ತಂದಿಟ್ಟುಕೊಂಡ ಜನರು ಹೇಗೆ ನಡೆದುಕೊಳ್ಳುತ್ತಾರೆ ಎಂಬ ಕುತೂಹಲವೇ ಕ್ರಮೇಣ ಅವರನ್ನು ಸೆಳೆಯಿತು. 1973ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಶಾಖೆಯನ್ನು ಸೇರಿದರು. 1996ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಮಾಹಿತಿ ವ್ಯವಸ್ಥೆಗಳ ಪ್ರಾಧ್ಯಾಪಕರಾಗಿ ಬಂದು, ಗಣಕಯಂತ್ರ ಮತ್ತು ಸಮಾಜಗಳ ಸಂಬಂಧವನ್ನು ಅಭ್ಯಸಿಸುವ ಕೇಂದ್ರವೊಂದನ್ನು ಸ್ಥಾಪಿಸಿದರು.

1970ರ ದಶಕದಲ್ಲಿ ಅಮೆರಿಕದ ನಗರಾಡಳಿತಗಳು ಗಣಕಯಂತ್ರಗಳನ್ನು ಕೊಳ್ಳುತ್ತಿದ್ದವು. ಆಡಳಿತ ಚುರುಕಾಗುತ್ತದೆ, ಪ್ರಜೆಯ ದನಿ ಬಲಗೊಳ್ಳುತ್ತದೆ ಎಂದು ಕೆಲವರು ನಂಬಿದ್ದರು. ಅಧಿಕಾರವೆಲ್ಲ ತಂತ್ರಜ್ಞರ ಪಾಲಾಗುತ್ತದೆ ಎಂದು ಮತ್ತೆ ಕೆಲವರು ಹೆದರಿದ್ದರು. ಕ್ಲಿಂಗ್ ತಮ್ಮ ಸಹೋದ್ಯೋಗಿಗಳಾದ ಕ್ರೇಮರ್, ಡಟ್ಟನ್, ಡ್ಯಾನ್ಝಿಗರ್ ಅವರೊಡನೆ ಹಲವಾರು ನಗರಾಡಳಿತಗಳನ್ನು ಪರಿಶೀಲಿಸಿದರು. ಅದರ ಫಲವಾಗಿ 1982ರಲ್ಲಿ 'ಕಂಪ್ಯೂಟರ್ಸ್ ಅಂಡ್ ಪಾಲಿಟಿಕ್ಸ್' ಎಂಬ ಗ್ರಂಥ ಹೊರಬಂದಿತು. ಅವರು ಕಂಡ ಸತ್ಯ ಎರಡೂ ಪಂಗಡಗಳ ನಿರೀಕ್ಷೆಗಿಂತ ಬೇರೆಯಾಗಿತ್ತು. ಗಣಕಯಂತ್ರ ಅಧಿಕಾರವನ್ನು ಹೊಸಬರಿಗೆ ಹಂಚಲಿಲ್ಲ, ಆ ಊರಿನಲ್ಲಿ ಆಗಲೇ ಯಾರು ಬಲಶಾಲಿಗಳಾಗಿದ್ದರೋ ಅವರನ್ನೇ ಇನ್ನಷ್ಟು ಬಲಪಡಿಸಿತು.

1978ರಲ್ಲಿ ಅವರು ಪ್ರಕಟಿಸಿದ ಒಂದು ಪ್ರಬಂಧ ಇದಕ್ಕೆ ಒಳ್ಳೆಯ ನಿದರ್ಶನ. ಊರಿನ ನಿಜವಾದ ಹೆಸರನ್ನು ಅದರಲ್ಲಿ ಮರೆಮಾಚಿದ್ದಾರೆ. ನೆರವು ಬೇಡಿ ಇಲಾಖೆಯಿಂದ ಇಲಾಖೆಗೆ ಅಲೆಯುವ ಬಡವರ ವಿವರಗಳನ್ನೆಲ್ಲ ಒಂದೆಡೆ ಸೇರಿಸಿ, ಸೇವೆಗಳನ್ನು ಜೋಡಿಸುವ ಗಣಕ ವ್ಯವಸ್ಥೆಯೊಂದನ್ನು ಅಲ್ಲಿ ಸ್ಥಾಪಿಸಲಾಗಿತ್ತು. ಕ್ಲಿಂಗ್ ಹೋಗಿ ನೋಡಿದರೆ, ಬಡವರಿಗೆ ಆದ ಅನುಕೂಲ ಅಲ್ಪ. 'ನಮ್ಮದು ದಕ್ಷ ಆಡಳಿತ' ಎಂದು ತೋರಿಸಿಕೊಂಡು ಕೇಂದ್ರ ಸರ್ಕಾರದಿಂದ ಹಣ ತರುವುದಕ್ಕೆ ಅಧಿಕಾರಿಗಳಿಗೆ ಆದ ಅನುಕೂಲವೇ ಹೆಚ್ಚು!

ಇದು ಅಮೆರಿಕದ ಮಾತಷ್ಟೇ ಎಂದುಕೊಳ್ಳಬೇಡಿ. ನಮ್ಮ ರಾಜ್ಯದ 'ಭೂಮಿ' ಯೋಜನೆಯನ್ನೇ ನೋಡಿ. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಗಣಕಯಂತ್ರವನ್ನು ಸೇರಿದವು. 2001ರ ಹೊತ್ತಿಗೆ, ಗ್ರಾಮಲೆಕ್ಕಿಗರ ಹಿಂದೆ ತಿರುಗುತ್ತಿದ್ದ ರೈತನಿಗೆ ತಾಲ್ಲೂಕು ಕೇಂದ್ರದಲ್ಲಿ 15 ರೂಪಾಯಿಗೆ ಪಹಣಿ ದೊರೆಯತೊಡಗಿತು. ಅದು ಸಣ್ಣ ಉಪಕಾರವಲ್ಲ. ಆದರೆ 2007ರಲ್ಲಿ ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬೆಂಗಳೂರಿನ ಸುತ್ತಮುತ್ತ ಅಧ್ಯಯನ ನಡೆಸಿ, ದಾಖಲೆಗಳು ಒಂದೆಡೆ ಸೇರಿದ್ದರಿಂದ ಜಮೀನು ಕೊಳ್ಳುವ ದೊಡ್ಡ ಕುಳಗಳಿಗೇ ಹೆಚ್ಚಿನ ಅನುಕೂಲವಾಯಿತೆಂದು ವಾದಿಸಿದರು. ಯಂತ್ರ ಒಂದೇ, ಫಲ ಮಾತ್ರ ಅವರವರ ಬಲಕ್ಕೆ ತಕ್ಕಂತೆ.

ಇನ್ನು ನನ್ನ ತಪ್ಪಿನ ವಿಷಯ. ಕ್ಲಿಂಗ್ ತೀರಿಕೊಂಡದ್ದು 2003ರ ಮೇ ತಿಂಗಳಿನಲ್ಲಿ, 58ರ ವಯಸ್ಸಿನಲ್ಲಿ. ಅದೇ ವರ್ಷ ನಮ್ಮ ಪ್ರೌಢಶಾಲೆಗೆ 10 ಗಣಕಯಂತ್ರಗಳು ಬಂದವು. ನಾಲ್ಕು ದಿನ ತರಬೇತಿ ಪಡೆದಿದ್ದೇನೆಂಬ ಕಾರಣಕ್ಕೆ ಆ ಕೊಠಡಿಯ ಬೀಗದ ಕೈ ನನ್ನ ಜೇಬು ಸೇರಿತು. ನಿಮಗೆಲ್ಲ ನೆನಪಿರಬಹುದು: ಚಪ್ಪಲಿ ಹೊರಗೆ ಬಿಡಬೇಕು, ಯಂತ್ರಗಳ ಮೇಲೆ ಸದಾ ಬಟ್ಟೆ ಹೊದಿಸಿರಬೇಕು. ಕೆಟ್ಟುಹೋದರೆ ಉತ್ತರ ಹೇಳಬೇಕಾದವನು ನಾನೆಂಬ ಭಯದಿಂದ, ಮನೆಯಲ್ಲಿ ಗಣಕಯಂತ್ರವಿದ್ದು ಆಗಲೇ ಬಲ್ಲವರಾಗಿದ್ದ ಐದಾರು ಹುಡುಗರನ್ನಷ್ಟೇ ಧಾರಾಳವಾಗಿ ಒಳಗೆ ಬಿಡುತ್ತಿದ್ದೆ.

ಒಂದು ಸಂಜೆ, ಕೊಠಡಿ ಗುಡಿಸುವ ಸರದಿಯಲ್ಲಿದ್ದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಪೊರಕೆಯನ್ನು ಮೂಲೆಗಿಟ್ಟು, "ಸಾರ್, ನಾನೂ ಒಂದು ಸಲ ಹೆಸರು ಟೈಪ್ ಮಾಡಿ ನೋಡಲಾ?" ಎಂದಳು. "ಮೊದಲು ಗಣಿತದಲ್ಲಿ ಪಾಸಾಗು" ಎಂದು ಹೇಳಿ ಬೀಗ ಹಾಕಿದೆ. ಅವಳು ಮತ್ತೆಂದೂ ಕೇಳಲಿಲ್ಲ. ಎಲ್ಲರಿಗೂ ಸಮಾನ ಅವಕಾಶ ದೊರೆಯಲೆಂದು ಬಂದ ಯಂತ್ರಗಳು ನನ್ನ ಕೈಯಲ್ಲಿ ಇದ್ದವರಿಗೇ ಮತ್ತಷ್ಟು ಕೊಟ್ಟವು. ಇಲ್ಲದವರ ಪಾಲಿಗೆ ಗುಡಿಸುವ ಮತ್ತೊಂದು ಕೊಠಡಿ ಹೆಚ್ಚಾಯಿತು, ಅಷ್ಟೆ. ಯಂತ್ರದ ಮೇಲೆ ದೋಷ ಹೊರಿಸುವಂತಿಲ್ಲ. ಬೀಗದ ಕೈ ನನ್ನಲ್ಲಿತ್ತು.

ಆದ್ದರಿಂದ ಬೆಂಗಳೂರಿನ ನನ್ನ ಶಿಷ್ಯನಿಗೆ ಇಷ್ಟೇ ಹೇಳಿದೆ: "ಹೊಸ ಯಂತ್ರ ಏನು ಮಾಡುತ್ತದೆ ಎಂದು ಕೇಳುವ ಮೊದಲು, ಅದನ್ನು ಯಾರು ತಂದರು, ಯಾರಿಗಾಗಿ ತಂದರು, ಬೀಗದ ಕೈ ಯಾರ ಬಳಿ ಇದೆ ಎಂದು ಕೇಳಪ್ಪ. ನಿನ್ನ ಬಳಿಯೇ ಇದ್ದರೆ, ಬಾಗಿಲು ತೆರೆದಿಡು."

ಆ ಹುಡುಗಿಯ ಹೆಸರನ್ನು ಇಲ್ಲಿ ಬರೆಯಲಾರೆ. ಎಲ್ಲಾದರೂ ಇದನ್ನು ಓದಿದರೆ, ತಾಯಿ, ಈ ಮೇಷ್ಟ್ರನ್ನು ಕ್ಷಮಿಸು.